ಚೌಕ ಚೌಕವಾಗಿಯೇ ಬರಬೇಕೆಂದರೆ ಗೆರೆ ಎಲ್ಲಿ ಎಳೆಯಬೇಕು?

ಪ್ರಶ್ನೆ: ಹೊಲಿದು ಉಳಿದ ಬಟ್ಟೆಯ ಚೂರುಗಳನ್ನು ವರ್ಷಗಳಿಂದ ಚೀಲದಲ್ಲಿ ತುಂಬಿಟ್ಟುಕೊಂಡಿದ್ದೇನೆ. ಹತ್ತಿ, ರೇಷ್ಮೆ, ಸ್ಯಾಟಿನ್ ಎಲ್ಲವೂ ಇವೆ. ಈಗ ಅವುಗಳಿಂದ ಕೌದಿಗೆ ಅಲಂಕಾರದ ಚೌಕಗಳನ್ನು ಕೈಯಲ್ಲೇ ಹೊಲಿಯುತ್ತಿದ್ದೇನೆ. ಒಂದೊಂದು ಚೌಕಕ್ಕೂ ಒಂಬತ್ತು ತುಂಡು. ರಟ್ಟಿನ ಅಳತೆ ಇಟ್ಟು ಸರಿಯಾಗಿಯೇ ಕತ್ತರಿಸಿದ್ದೆ, ಕಾಲು ಇಂಚು ಬಿಟ್ಟು ಹೊಲಿದಿದ್ದೆ. ಹನ್ನೆರಡು ಮುಗಿದಿವೆ, ಆದರೆ ಒಂದರ ಅಳತೆ ಇನ್ನೊಂದಕ್ಕಿಲ್ಲ. ಮೂಲೆಗಳು ಕೂಡುತ್ತಿಲ್ಲ, ಕೆಲವು ನಡುವೆ ಉಬ್ಬಿಕೊಂಡಿವೆ. ಮಷಿನ್ ಇಲ್ಲದೆ ಇದು ಸರಿಬರುವುದೇ ಇಲ್ಲವೇ? ಹನ್ನೆರಡನ್ನೂ ಬಿಚ್ಚಿಹಾಕಬೇಕೇ? ತೀರಾ ಅಡ್ಡಾದಿಡ್ಡಿಯಾದ ಚೂರುಗಳನ್ನು ಏನು ಮಾಡಲಿ? ಇನ್ನೊಂದು, ಅಪ್ಪನ ಹಳೆಯ ಅಂಗಿಯೊಂದಿದೆ. ಬಹಳ ಸವೆದಿದೆ, ಆದರೂ ಅದನ್ನು ಸೇರಿಸಬೇಕೆಂಬ ಆಸೆ.

ಉತ್ತರ: ಬಿಚ್ಚಿಹಾಕಬೇಡಿ. ಹನ್ನೆರಡನ್ನೂ ಉಳಿಸಿಕೊಳ್ಳಬಹುದು, ಅದರ ಬಗೆಯನ್ನು ಮುಂದೆ ಹೇಳುತ್ತೇನೆ. ಮಷಿನ್ ಇಲ್ಲ ಎಂಬುದಂತೂ ಕಾರಣವೇ ಅಲ್ಲ. ಬ್ರಿಟನ್ನಿನಲ್ಲಿ ಕೌದಿ ಹೊಲಿಯುವವರ ಸಂಘವಾದ ಕ್ವಿಲ್ಟರ್ಸ್ ಗಿಲ್ಡ್‌ನ ಸಂಗ್ರಹದಲ್ಲಿ 1718 ಎಂದು ಇಸವಿ ಮೂಡಿಸಿದ ಒಂದು ರೇಷ್ಮೆಯ ಹೊದಿಕೆಯಿದೆ. ಹೊಲಿಗೆ ಮಷಿನ್ ಮನೆಗಳಿಗೆ ಬರುವುದಕ್ಕೆ ನೂರು ವರ್ಷಕ್ಕೂ ಹಿಂದೆ, ಚೂರು ಚೂರು ಬಟ್ಟೆಯನ್ನು ಕಾಗದದ ಅಚ್ಚಿಗೆ ಮಡಿಸಿ ಕೈಯಲ್ಲೇ ಕೂಡಿಸಿದ್ದು. ಸಣ್ಣ ತುಂಡುಗಳ ಮೂಲೆಗೆ ಮೂಲೆ ಕೂಡಿಸುವ ಕೆಲಸದಲ್ಲಿ ಕೈಗಿರುವ ಹತೋಟಿ ಮಷಿನ್‌ಗಿಲ್ಲ. ಸೂಜಿಯನ್ನು ಬೇಕಾದ ಎಳೆಯ ಪಕ್ಕದಲ್ಲೇ ನಿಲ್ಲಿಸಬಹುದು, ಬೇಡವಾದರೆ ಹಿಂದಕ್ಕೆ ತೆಗೆಯಬಹುದು.

ನಿಮ್ಮ ಪ್ರಶ್ನೆಯಲ್ಲೇ ಕಾರಣ ಇದೆ. ರಟ್ಟು ಇಟ್ಟು ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿಸಿ, ಆಮೇಲೆ ಕಾಲು ಇಂಚನ್ನು ಕಣ್ಣಳತೆಯಲ್ಲಿ ಬಿಟ್ಟು ಹೊಲಿದಿದ್ದೀರಿ. ಮಷಿನ್‌ನಲ್ಲಿ ಹೊಲಿಯುವವರಿಗೆ ಇದು ನಡೆಯುತ್ತದೆ, ಏಕೆಂದರೆ ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಅಂಚೇ ಅಲ್ಲಿ ಅಳತೆಪಟ್ಟಿಯ ಕೆಲಸ ಮಾಡುತ್ತದೆ. ಕೈಹೊಲಿಗೆಗೆ ಅಂಥ ಆಸರೆಯಿಲ್ಲ. ಕೈಗೆ ಬೇಕಾದದ್ದು ಕತ್ತರಿಸುವ ಗೆರೆಯಲ್ಲ, ಹೊಲಿಯುವ ಗೆರೆ. ಇದೊಂದನ್ನು ಬದಲಿಸಿಕೊಂಡರೆ ನಿಮ್ಮ ಮುಕ್ಕಾಲು ತೊಂದರೆ ಹೋಗುತ್ತದೆ.

ತಪ್ಪು ಹೇಗೆ ಬೆಳೆಯುತ್ತದೆ ನೋಡಿ. ಒಂಬತ್ತು ತುಂಡಿನ ಚೌಕದಲ್ಲಿ ಒಂದು ಸಾಲಿಗೆ ಮೂರು ತುಂಡು, ಅಂದರೆ ಎರಡು ಜೋಡಣೆ. ಜೋಡಣೆಯಲ್ಲಿ ಬರೀ 1 ಮಿ.ಮೀ. ಒಳಗೆ ಹೊಲಿದಿರಿ ಎನ್ನಿ. ಎರಡೂ ಬಟ್ಟೆಯಿಂದ ಒಂದೊಂದು ಮಿ.ಮೀ. ಹೋಗುವುದರಿಂದ ಜೋಡಣೆಗೆ 2, ಸಾಲಿಗೆ 4 ಮಿ.ಮೀ. ಕಡಿಮೆಯಾಯಿತು. ಇನ್ನೊಂದು ಚೌಕದಲ್ಲಿ ಕೈ ಅಷ್ಟೇ ಹೊರಗೆ ಸರಿದಿದ್ದರೆ ಎರಡು ಚೌಕಗಳ ನಡುವೆ 8 ಮಿ.ಮೀ. ವ್ಯತ್ಯಾಸ. ಅದು ಕಾಲು ಇಂಚಿಗಿಂತ ಹೆಚ್ಚು. ನನ್ನ ಮೊದಲ ಕೌದಿಯಲ್ಲಿ ನಾನು ಮಾಡಿದ್ದೂ ಇದನ್ನೇ. ಒಂದು ಸಾಲು ಪಕ್ಕದ್ದಕ್ಕಿಂತ ಎರಡು ಬೆರಳು ಉದ್ದ ಬಂತು. ಎಳೆದೂ ಸುಕ್ಕು ಹಿಡಿದೂ ಹೇಗೋ ಕೂಡಿಸಿದೆ. ಇವತ್ತಿಗೂ ಅದನ್ನು ಹಾಸಿದಾಗ ಮೊದಲು ಕಣ್ಣಿಗೆ ಬೀಳುವುದು ಆ ಸುಕ್ಕು.

ಆದ್ದರಿಂದ ಮುಂದಿನ ಚೌಕಕ್ಕೆ ರಟ್ಟನ್ನು ಮುಗಿದ ಅಳತೆಗೇ ಕತ್ತರಿಸಿಕೊಳ್ಳಿ. ಒಂದೊಂದು ತುಂಡು ಮುಗಿದ ಮೇಲೆ 2 ಇಂಚು ಕಾಣಬೇಕಿದ್ದರೆ ರಟ್ಟೂ 2 ಇಂಚೇ ಇರಲಿ. ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಾಸಿ, ರಟ್ಟು ಇಟ್ಟು, ಚೂಪು ಮಾಡಿದ ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆಯಿರಿ. ಕತ್ತರಿಸುವುದು ಆ ಗೆರೆಯ ಮೇಲಲ್ಲ, ಅದರಿಂದ ಸುಮಾರು ಕಾಲು ಇಂಚು ಹೊರಗೆ. ಕತ್ತರಿ ಸ್ವಲ್ಪ ಅತ್ತಿತ್ತ ಹೋದರೂ ಚಿಂತೆಯಿಲ್ಲ, ಆ ಅಂಚು ಒಳಗೇ ಉಳಿಯುತ್ತದೆ. ನಿಮ್ಮ ಅಳತೆಯೆಲ್ಲ ಪೆನ್ಸಿಲ್ ಗೆರೆಯಲ್ಲಿದೆ. ಬಟ್ಟೆಯ ಕೆಳಗೆ ಉಪ್ಪು ಕಾಗದದ ಒಂದು ಹಾಳೆ ಇಟ್ಟರೆ ಗೆರೆ ಎಳೆಯುವಾಗ ಬಟ್ಟೆ ಜಾರುವುದಿಲ್ಲ. ಬಳಸುತ್ತ ಹೋದಂತೆ ರಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಅದರೊಂದಿಗೆ ನಿಮ್ಮ ಚೌಕದ ಮೂಲೆಯೂ ದುಂಡಗಾಗುತ್ತದೆ. ಹಳೆಯ ಪ್ಲಾಸ್ಟಿಕ್ ಫೈಲಿನಿಂದ ಕತ್ತರಿಸಿಕೊಂಡ ಅಚ್ಚು ಹೆಚ್ಚು ದಿನ ಬರುತ್ತದೆ. ಬಾಲ್‌ಪೆನ್ ಬೇಡ, ಒಗೆದಾಗ ಶಾಯಿ ಹೊರಮೈಗೆ ಹಬ್ಬಬಹುದು. ಇಸ್ತ್ರಿಯ ಶಾಖಕ್ಕೆ ಅಳಿಸಿಹೋಗುವ ಪೆನ್ನುಗಳೂ ಬೇಡ. ಚಳಿ ಹೆಚ್ಚಾದಾಗ ಆ ಗೆರೆ ಮತ್ತೆ ಮೂಡಬಹುದು.

ನಡುವೆ ಉಬ್ಬಿದ ಚೌಕಗಳ ಕಥೆ ಬೇರೆ. ಅದು ಹಾಸು ಹೊಕ್ಕಿನ, ಅಂದರೆ ನೇಯ್ಗೆಯ ಉದ್ದದ ಎಳೆ ಮತ್ತು ಅಡ್ಡ ಎಳೆಯ ವಿಚಾರ. ನೇಯ್ದ ಬಟ್ಟೆ ಹಾಸಿನ ಉದ್ದಕ್ಕೆ ಬಹಳ ಕಡಿಮೆ ಹಿಗ್ಗುತ್ತದೆ, ಹೊಕ್ಕಿನ ಉದ್ದಕ್ಕೆ ತುಸು ಹೆಚ್ಚು, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಎಲ್ಲಕ್ಕಿಂತ ಹೆಚ್ಚು. ಇಡೀ ಥಾನಿನಿಂದ ಕತ್ತರಿಸುವವರಿಗೆ ಕಿನಾರೆ, ಅಂದರೆ ಬಿಚ್ಚಿಕೊಳ್ಳದಂತೆ ನೇಯ್ದ ಪಕ್ಕದ ಅಂಚು, ನೋಡಿದರೆ ದಿಕ್ಕು ತಿಳಿಯುತ್ತದೆ. ಚೂರುಗಳಿಗೆ ಕಿನಾರೆಯೇ ಇರುವುದಿಲ್ಲ, ಹಾಗಾಗಿ ಜಾಗ ಉಳಿಸಲು ರಟ್ಟನ್ನು ಹೇಗೆ ಕೂರುತ್ತದೋ ಹಾಗೆ ತಿರುಗಿಸಿ ಇಡುತ್ತೇವೆ. ನಡುವಿನ ತುಂಡು ಓರೆಯಾಗಿ ಕತ್ತರಿಸಿದ್ದಾಗಿ, ಸುತ್ತಲಿನವು ನೇರವಾಗಿದ್ದರೆ, ಹೊಲಿಯುವಾಗ ನಡುವಿನದು ಹಿಗ್ಗುತ್ತದೆ. ಸುತ್ತಲಿನವು ಬಿಟ್ಟುಕೊಡುವುದಿಲ್ಲ, ಹೆಚ್ಚಾದ ಬಟ್ಟೆ ಮೇಲಕ್ಕೆ ಉಬ್ಬುತ್ತದೆ. ನಿಮ್ಮ ಉಬ್ಬಿದ ಚೌಕವೊಂದನ್ನು ತೆಗೆದುಕೊಂಡು ನಡುವಿನ ತುಂಡನ್ನು ಎರಡು ಬೆರಳಿನಿಂದ ಎದುರುಬದುರು ಅಂಚುಗಳಿಗೆ ಎಳೆದು ನೋಡಿ. ರಬ್ಬರಿನಂತೆ ಬಿಟ್ಟುಕೊಟ್ಟರೆ ಕಾರಣ ಅದೇ. ಚೂರಿನ ದಿಕ್ಕು ಕಣ್ಣಿಗೆ ಸಿಗದಿದ್ದರೆ ಅಂಚಿನಿಂದ ಒಂದು ಎಳೆಯನ್ನು ಸೂಜಿಯ ತುದಿಯಿಂದ ಎತ್ತಿ ಮೆಲ್ಲಗೆ ಎಳೆಯಿರಿ. ಅದು ಬಿಟ್ಟುಹೋದ ಜಾಗದಲ್ಲಿ ಸಣ್ಣ ಗೆರೆ ಉಳಿಯುತ್ತದೆ. ರಟ್ಟಿನ ಒಂದು ಅಂಚನ್ನು ಆ ಗೆರೆಗೆ ಕೂಡಿಸಿ ಇಡಿ.

ಇನ್ನು ಹೊಲಿಗೆ. ದಾರ ಒಂದು ಮೊಳ ಸಾಕು, ಒಂದೇ ಎಳೆ. ಉದ್ದ ಹೆಚ್ಚಾದಷ್ಟೂ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ನೂರು ಸಲ ಹಾದು ನುರಿಯುತ್ತದೆ. ಜೋಡಿ ಎಳೆ ಗಟ್ಟಿ ಎಂದು ಹಲವರು ಭಾವಿಸುತ್ತಾರೆ, ಆದರೆ ಜೋಡಣೆಯೇ ದಪ್ಪವಾಗಿ ಹೊರಮೈಯಲ್ಲಿ ಏಣಾಗಿ ಕಾಣುತ್ತದೆ. ಹತ್ತಿ ಬಟ್ಟೆಗೆ ಹತ್ತಿಯ ದಾರವೇ ಒಳ್ಳೆಯದು. ಸೂಜಿ 9 ಅಥವಾ 10ನೇ ನಂಬರಿನದು ತೆಗೆದುಕೊಳ್ಳಿ. ಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟೂ ಅದು ತೆಳುವಾಗುತ್ತದೆ ಎಂಬುದು ನೆನಪಿರಲಿ. ಸೂಜಿ ಒತ್ತುವ ನಡುಬೆರಳಿಗೆ ತಿಂಬಲ್, ಅಂದರೆ ಬೆರಳ ತುದಿಗೆ ಹಾಕುವ ಟೊಪ್ಪಿ, ಹಾಕಿಕೊಳ್ಳಿ. ಮೊದಲೆರಡು ದಿನ ತೊಡಕೆನಿಸುತ್ತದೆ, ಆಮೇಲೆ ಅದಿಲ್ಲದೆ ಕೈ ಓಡುವುದಿಲ್ಲ.

ಎರಡು ತುಂಡುಗಳ ಹೊರಮೈಗಳನ್ನು ಮುಖಾಮುಖಿ ಇಡಿ. ಮೇಲಿನ ತುಂಡಿನ ಪೆನ್ಸಿಲ್ ಗೆರೆಗಳು ಸೇರುವ ಮೂಲೆಗೆ ಸರಿಯಾಗಿ ಗುಂಡುಸೂಜಿ ಚುಚ್ಚಿ, ತಿರುಗಿಸಿ ನೋಡಿ. ಅದು ಕೆಳಗಿನ ತುಂಡಿನ ಮೂಲೆಯಲ್ಲೇ ಹೊರಬರಬೇಕು. ಬರದಿದ್ದರೆ ತೆಗೆದು ಮತ್ತೆ ಚುಚ್ಚಿ. ಇನ್ನೊಂದು ತುದಿಯ ಮೂಲೆಗೂ ಹಾಗೆಯೇ, ಆಮೇಲೆ ನಡುವಿಗೆ ಒಂದು. ಈಗ ಸೂಜಿಯನ್ನು ಮೊದಲ ಮೂಲೆಯಲ್ಲಿ ಇಳಿಸಿ, ಒಂದು ಹಿಂಹೊಲಿಗೆ ಹಾಕಿ, ಅಂದರೆ ಸೂಜಿಯನ್ನು ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ ತೆಗೆದು, ಭದ್ರ ಮಾಡಿ, ಗೆರೆಯ ಮೇಲೆಯೇ ಸಾದಾ ಓಟದ ಹೊಲಿಗೆ ಹಾಕುತ್ತ ಹೋಗಿ. ಇಂಚಿಗೆ 8ರಿಂದ 10 ಹೊಲಿಗೆ ಬಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ಕೂಡುವವರೆಗೆ ಎಳೆಯಬೇಡಿ. ಎಳೆಯುವ ಮೊದಲು ಬಟ್ಟೆಯನ್ನು ಮಗುಚಿ, ಹಿಂದಿನ ಗೆರೆಯ ಮೇಲೂ ಸೂಜಿ ಇದೆಯೇ ನೋಡಿ. ಈ ಮಗುಚಿ ನೋಡುವ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಮುಂದಿನ ಗೆರೆ ಸರಿಯಿದ್ದು ಹಿಂದಿನದು ತಪ್ಪಿದ್ದರೆ ಚೌಕ ಓರೆಯಾಗುವುದು ಅಲ್ಲೇ. ಸೂಜಿ ಎಳೆದ ಮೇಲೆ ಹೊಲಿದ ಜಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಮುಂದಕ್ಕೆ ತೀಡಿ. ದಾರ ಬಿಗಿದಿದ್ದರೆ ಸಡಿಲವಾಗಿ ಬಟ್ಟೆ ಚಪ್ಪಟೆಯಾಗುತ್ತದೆ. ನಾಲ್ಕೈದು ಹೊಲಿಗೆಗೊಮ್ಮೆ ಒಂದು ಸಣ್ಣ ಹಿಂಹೊಲಿಗೆ ಹಾಕಿ, ಮುಂದೆ ಎಲ್ಲಾದರೂ ದಾರ ತುಂಡಾದರೆ ಇಡೀ ಸಾಲು ಬಿಚ್ಚದಿರಲಿ ಎಂದು. ಗೆರೆ ಮುಗಿಯುವ ಮೂಲೆಯಲ್ಲೇ ನಿಲ್ಲಿಸಿ. ಗೆರೆಯಾಚೆ ಬಿಟ್ಟ ಕಾಲು ಇಂಚಿನೊಳಗೆ ಹೊಲಿಗೆ ಹೋಗಬಾರದು. ಬಟ್ಟೆಯ ಕೊನೆಯವರೆಗೂ ಹೊಲಿಯುವುದು ಮಷಿನ್‌ನ ರೂಢಿ, ಕೈಹೊಲಿಗೆಗೆ ಅದು ಬೇಡ.

ಮೂಲೆ ಕೂಡದೆ ಇರುವುದಕ್ಕೆ ಉತ್ತರವೂ ಇಲ್ಲೇ ಇದೆ. ಮೂರು ಮೂರು ತುಂಡಿನ ಸಾಲುಗಳು ಸಿದ್ಧವಾದ ಮೇಲೆ ಸಾಲಿಗೆ ಸಾಲು ಕೂಡಿಸುವಾಗ ನಾಲ್ಕು ತುಂಡುಗಳು ಒಂದು ಬಿಂದುವಿಗೆ ಬರುತ್ತವೆ. ಅಲ್ಲಿ ಒಳಗೆ ಬಿಟ್ಟ ಅಂಚುಗಳನ್ನು ಸೇರಿಸಿ ಹೊಲಿಯಬೇಡಿ. ಬಿಂದುವಿನವರೆಗೆ ಬನ್ನಿ, ಒಂದು ಹಿಂಹೊಲಿಗೆ ಹಾಕಿ, ನಿಂತಿರುವ ಅಂಚುಗಳನ್ನು ಬೆರಳಿನಿಂದ ಆಚೆ ಬಾಗಿಸಿ, ಅವುಗಳ ಬುಡದಲ್ಲಿ ಸೂಜಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ. ಆ ಕಡೆಯೂ ಒಂದು ಹಿಂಹೊಲಿಗೆ ಹಾಕಿ ಮುಂದುವರಿಯಿರಿ. ಹೀಗೆ ಹೊಲಿದರೆ ಅಂಚುಗಳು ಬಿಡುಬೀಸಾಗಿ ಉಳಿಯುತ್ತವೆ. ಇಸ್ತ್ರಿ ಮಾಡುವಾಗ ನಾಲ್ಕನ್ನೂ ಒಂದರ ಹಿಂದೊಂದು ಗಿರಗಟ್ಲೆಯ ರೆಕ್ಕೆಗಳ ಹಾಗೆ ಒಂದೇ ದಿಕ್ಕಿಗೆ ಮಲಗಿಸಬಹುದು. ಆಗ ಬಿಂದುವಿನ ಹಿಂದೆ ಉಗುರಿನಷ್ಟು ಸಣ್ಣ ಚೌಕವೊಂದು ತಾನಾಗಿ ಅರಳುತ್ತದೆ, ಹೊರಮೈಯಲ್ಲಿ ಗಂಟಿನಂತೆ ಉಬ್ಬುತ್ತಿದ್ದ ಜಾಗ ಚಪ್ಪಟೆಯಾಗುತ್ತದೆ. ಒಂಬತ್ತು ತುಂಡಿನ ಚೌಕದಲ್ಲಿ ಇಂಥ ಬಿಂದುಗಳು ನಾಲ್ಕು. ಒಂದು ಬಲಕ್ಕೆ ಸುತ್ತಿದರೆ ಪಕ್ಕದ್ದು ಎಡಕ್ಕೆ ಸುತ್ತಬೇಕು, ಇಲ್ಲದಿದ್ದರೆ ನಡುವೆ ಅಂಚು ತಿರುಚಿಕೊಳ್ಳುತ್ತದೆ. ಚೌಕದ ಹಿಂಬದಿ ಇಷ್ಟು ಅಂದವಾಗಿ ಬಂದ ದಿನ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಇಸ್ತ್ರಿಯನ್ನು ಬಟ್ಟೆಯ ಮೇಲೆ ಉಜ್ಜಬೇಡಿ. ಇಟ್ಟು, ಒತ್ತಿ, ಎತ್ತಿ, ಪಕ್ಕದಲ್ಲಿಡಿ. ಉಜ್ಜಿದರೆ ಇಷ್ಟು ಹೊತ್ತು ಕಾಪಾಡಿದ ಅಳತೆ ಒಂದು ನಿಮಿಷದಲ್ಲಿ ಹೋಗುತ್ತದೆ.

ಚೀಲದಲ್ಲಿ ಎಲ್ಲ ಬಗೆಯ ಬಟ್ಟೆ ಇದೆ ಎಂದಿದ್ದೀರಿ. ಅದನ್ನು ಮೊದಲು ವಿಂಗಡಿಸಿ. ಒಗೆಯದ ಹೊಸ ಹತ್ತಿ ಚೂರುಗಳನ್ನು ಒಗೆದು ಒಣಗಿಸಿಕೊಳ್ಳಿ. ಕುಗ್ಗುವುದಾದರೆ ಈಗಲೇ ಕುಗ್ಗಲಿ, ಚೌಕವಾದ ಮೇಲೆ ಒಂದು ತುಂಡು ಮಾತ್ರ ಕುಗ್ಗಿದರೆ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಕೆಂಪು, ಕಡುನೀಲಿ, ಕಪ್ಪು ಚೂರುಗಳನ್ನು ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿಡಿ. ಬಣ್ಣ ಹತ್ತಿದರೆ ಹತ್ತದವರೆಗೂ ಒಗೆಯಿರಿ. ಅಷ್ಟಾದರೂ ಬಣ್ಣ ಬಿಡುತ್ತಲೇ ಇದ್ದರೆ ಆ ಚೂರನ್ನು ಕೌದಿಗೆ ಹಾಕಬೇಡಿ, ಎಷ್ಟೇ ಚೆನ್ನಾಗಿರಲಿ. ಬನಿಯನ್, ಟೀ ಶರ್ಟ್‌ನಂಥ ಹೆಣೆದ ಬಟ್ಟೆ ಎಲ್ಲ ದಿಕ್ಕಿಗೂ ಹಿಗ್ಗುತ್ತದೆ, ಅದನ್ನು ನೇಯ್ದ ಬಟ್ಟೆಯ ಜೊತೆ ಸೇರಿಸದಿರುವುದೇ ವಾಸಿ. ಸ್ಯಾಟಿನ್‌ನ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಕಾಲು ಇಂಚಿನ ಬದಲು ಅರ್ಧ ಇಂಚು ಬಿಡಿ.

ರೇಷ್ಮೆಯನ್ನೂ ಸ್ಯಾಟಿನ್ನನ್ನೂ ನಾನಾದರೆ ಹತ್ತಿಯ ಜೊತೆ ಒಂಬತ್ತು ತುಂಡಿನ ಚೌಕದಲ್ಲಿ ಬೆರೆಸುವುದಿಲ್ಲ. ಅವುಗಳನ್ನು ನಿಮ್ಮ ಅಡ್ಡಾದಿಡ್ಡಿ ಚೂರುಗಳ ಜೊತೆ ಬೇರೆಯೇ ಬಗೆಯ ಚೌಕಕ್ಕೆ ಎತ್ತಿಡುತ್ತೇನೆ. ಅಮೆರಿಕದಲ್ಲಿ 1880ರ ದಶಕದಲ್ಲಿ ಬಹಳ ಜನಪ್ರಿಯವಾಗಿದ್ದ ಕ್ರೇಜಿ ಕ್ವಿಲ್ಟ್‌ನ ಪದ್ಧತಿ ಅದು. ಇದರಲ್ಲಿ ತುಂಡಿಗೆ ಅಳತೆಯೇ ಇಲ್ಲ, ಅಳತೆ ಇರುವುದು ಅಡಿಬಟ್ಟೆಗೆ. ತೆಳುವಾದ, ಒಗೆದ ಹತ್ತಿ ಬಟ್ಟೆಯನ್ನು ಮುಗಿದ ಚೌಕಕ್ಕಿಂತ ಒಂದೂವರೆ ಇಂಚು ದೊಡ್ಡದಾಗಿ ಕತ್ತರಿಸಿ. ಐದು ಮೂಲೆಯ ಚೂರೊಂದನ್ನು ನಡುವಿನಿಂದ ತುಸು ಸರಿಸಿ, ಹೊರಮೈ ಮೇಲಾಗಿ ಇಡಿ. ಎರಡನೆಯ ಚೂರನ್ನು ಅದರ ಒಂದು ಅಂಚಿಗೆ ಕೂಡಿಸಿ ಮಗುಚಿ ಇಟ್ಟು, ಅಡಿಬಟ್ಟೆಯೂ ಸೇರುವಂತೆ ಹೊಲಿದು, ತಿರುವಿ ಹಾಸಿ, ಬೆರಳಿನಿಂದ ತೀಡಿ. ಮುಂದಿನದು ಇವೆರಡರ ಅಂಚನ್ನೂ ಮುಚ್ಚುವಂತೆ. ಹೀಗೆ ಸುತ್ತುತ್ತ ಹೋದರೆ ಅಡಿಬಟ್ಟೆ ತುಂಬುತ್ತದೆ. ತಿರುವಿ ಹೊಲಿಯಲು ಜಾಗ ಸಿಗದ ಮೊಂಡು ಮೂಲೆಗಳಲ್ಲಿ ಅಂಚನ್ನು ಒಳಗೆ ಮಡಿಸಿ ಮೇಲಿನಿಂದಲೇ ಹೆಮ್ಮಿಂಗ್ ಹಾಕಿ. ರೇಷ್ಮೆಗೆ ಇಸ್ತ್ರಿಯ ಬಿಸಿ ಕಡಿಮೆ ಇರಲಿ, ಮೇಲೊಂದು ತೆಳು ಬಟ್ಟೆ ಹಾಸಿ ಒತ್ತಿ.

ಅಲಂಕಾರ ಎಂದು ನೀವು ಹೇಳಿದ್ದು ಇಲ್ಲಿ ಸಾರ್ಥಕವಾಗುತ್ತದೆ. ಪ್ರತಿ ಜೋಡಣೆಯ ಮೇಲೂ ಕಸೂತಿ ದಾರದ ಎರಡು ಮೂರು ಎಳೆ ಹಿಡಿದು ಸರಪಳಿ ಹೊಲಿಗೆ, ಹೆರಿಂಗ್‌ಬೋನ್, ಫೆದರ್ ಸ್ಟಿಚ್, ಏನು ಬರುತ್ತದೋ ಅದನ್ನು ಹಾಕಿ. ಮೂರೇ ಬಗೆ ಬಂದರೂ ಸಾಕು, ದಾರದ ಬಣ್ಣ ಬದಲಿಸಿದರೆ ಹತ್ತು ಬಗೆಯಂತೆ ಕಾಣುತ್ತದೆ. ಕಸೂತಿ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಚೌಕ ಸ್ವಲ್ಪ ಕುಗ್ಗುತ್ತದೆ. ಅಡಿಬಟ್ಟೆ ದೊಡ್ಡದಿರಲಿ ಎಂದದ್ದು ಅದಕ್ಕೇ. ಕಸೂತಿ ಪೂರ್ತಿ ಮುಗಿದ ಮೇಲೆ ಚೌಕದ ಗೆರೆ ಎಳೆದು, ಸುತ್ತ ಕಾಲು ಇಂಚು ಬಿಟ್ಟು ಕತ್ತರಿಸಿ. ಒಂದು ಎಚ್ಚರಿಕೆ: ತುಂಬ ಹಳೆಯ ರೇಷ್ಮೆ ಚೂರು ಸಿಕ್ಕರೆ ಮಡಿಸಿ, ಬೆರಳಿನಿಂದ ಒತ್ತಿ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೇಷ್ಮೆಗೆ ತೂಕ ಬರಲೆಂದು ತವರದಂಥ ಲೋಹದ ಲವಣಗಳನ್ನು ಕುಡಿಸುತ್ತಿದ್ದರು. ಆ ಕಾಲದ ಕೌದಿಗಳಲ್ಲಿ ಪಕ್ಕದ ಹತ್ತಿ ಗಟ್ಟಿಯಾಗಿಯೇ ಇದ್ದು, ರೇಷ್ಮೆ ತುಂಡುಗಳು ಮಾತ್ರ ಸೀಳು ಸೀಳಾಗಿ ಉದುರಿಹೋಗಿರುವುದು ಅದರಿಂದಲೇ. ಮಡಿಸಿದ ಗೆರೆಯಲ್ಲಿ ಸೀಳಿದರೆ ಆ ಚೂರನ್ನು ಬಿಟ್ಟುಬಿಡಿ.

ಬಣ್ಣ ಕೂಡಿಸುವ ಬಗ್ಗೆ ಹೆಚ್ಚು ಹೇಳಲಾರೆ, ಅದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಬಣ್ಣಕ್ಕಿಂತ ಕಡು ತಿಳಿಯ ವ್ಯತ್ಯಾಸ ಮುಖ್ಯ ಎಂಬುದಷ್ಟು ಗಮನದಲ್ಲಿರಲಿ. ಒಂಬತ್ತು ಚೂರುಗಳನ್ನು ನೆಲದ ಮೇಲೆ ಜೋಡಿಸಿ ಮೊಬೈಲಿನಲ್ಲಿ ಕಪ್ಪು ಬಿಳುಪಿನ ಫೋಟೊ ತೆಗೆಯಿರಿ. ಕೆಂಪು ಹಸಿರು ಎರಡೂ ಒಂದೇ ಬೂದುಬಣ್ಣವಾಗಿ ಕಂಡರೆ ದೂರದಿಂದ ನಿಮ್ಮ ವಿನ್ಯಾಸವೂ ಹಾಗೆಯೇ ಕಲಸಿಹೋಗುತ್ತದೆ.

ಈಗ ನಿಮ್ಮ ಹನ್ನೆರಡು ಚೌಕಗಳು. ಅವುಗಳ ಅಂಚನ್ನು ಕತ್ತರಿಸಿ ಸಮ ಮಾಡಲು ಹೋಗಬೇಡಿ. ಹೊಲಿಗೆಗೆ ಬಿಟ್ಟ ಬಟ್ಟೆಯೇ ಹೋಗಿಬಿಡುತ್ತದೆ, ಹೊರಸಾಲಿನ ತುಂಡುಗಳು ಗಿಡ್ಡವಾಗುತ್ತವೆ. ಅದರ ಬದಲು ಎಲ್ಲಕ್ಕೂ ಒಂದೇ ಬಟ್ಟೆಯ ಚೌಕಟ್ಟು ಕಟ್ಟಿ. ನೇರ ಎಳೆಯಲ್ಲಿ 2 ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿ, ಮೊದಲು ಎದುರುಬದುರಿನ ಎರಡು ಕಡೆಗೆ, ಆಮೇಲೆ ಉಳಿದೆರಡು ಕಡೆಗೆ ಹೊಲಿಯಿರಿ. ಪಟ್ಟಿಯ ಉದ್ದವನ್ನು ಚೌಕದ ಅಂಚಿನಲ್ಲಿ ಅಳೆಯಬೇಡಿ, ನಡುವಿನಲ್ಲಿ ಅಳೆಯಿರಿ. ಅಂಚು ಹಿಗ್ಗಿರಬಹುದು. ನಿಮ್ಮ ತುಂಡುಗಳು ಹೊಲಿದ ಮೇಲೆ 2 ಇಂಚು ಕಾಣುವಂಥವಾದರೆ ಚೌಕ ಸುಮಾರು 6 ಇಂಚು, ಪಟ್ಟಿ ಸೇರಿ ಒಂಬತ್ತು ಇಂಚು ದಾಟುತ್ತದೆ. ಈಗ ಚೌಕದ ನಡುಬಿಂದುವಿನಿಂದ ಅಳೆದು, ಎಲ್ಲವನ್ನೂ ಎಂಟೂವರೆ ಇಂಚಿಗೆ ಕತ್ತರಿಸಿ. ಸುತ್ತ ಕಾಲು ಇಂಚು ಹೊಲಿಗೆಗೆ ಹೋಗಿ ಎಂಟೆಂಟು ಇಂಚಿನ ಹನ್ನೆರಡು ಚೌಕಗಳು ಸಿಗುತ್ತವೆ. ಒಂದರ ಚೌಕಟ್ಟು ಇನ್ನೊಂದಕ್ಕಿಂತ ಎರಡು ಮೂರು ಮಿ.ಮೀ. ಅಗಲ ಕಿರಿದಾಗಿರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಉಬ್ಬಿದ ಚೌಕಗಳಲ್ಲಿ ಮಾತ್ರ, ಚೌಕಟ್ಟು ಕಟ್ಟುವ ಮೊದಲು, ನಡುವಿನ ತುಂಡೊಂದನ್ನು ಬಿಡಿಸಿ ತೆಗೆದು, ನೇರ ಎಳೆಯಲ್ಲಿ ಗೆರೆ ಎಳೆದ ಹೊಸ ತುಂಡನ್ನು ಕೂಡಿಸಿ.

ಆ ಖಾಲಿಯಾದ ನಡುವಿನ ಜಾಗಕ್ಕೆ ನಿಮ್ಮ ಅಪ್ಪನ ಅಂಗಿಯನ್ನು ತನ್ನಿ. ಚೌಕದ ನಡುವಿನ ತುಂಡಿಗೆ ಎಳೆತ ಕಡಿಮೆ, ಸವೆದ ಬಟ್ಟೆಗೆ ಅದೇ ಸರಿಯಾದ ಸ್ಥಾನ. ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ. ಕಾಲರ್, ಭುಜ, ಮೊಣಕೈ ಜಾಗಗಳಲ್ಲಿ ಬೆಳಕು ಹಾಯುತ್ತಿರುತ್ತದೆ, ಅವನ್ನು ಬಿಡಿ. ಪ್ಯಾಂಟಿನೊಳಗೆ ಸೇರುತ್ತಿದ್ದ ಕೆಳಭಾಗ ಸಾಮಾನ್ಯವಾಗಿ ಗಟ್ಟಿಯಿರುತ್ತದೆ. ತೆಗೆದುಕೊಂಡ ತುಂಡಿನ ಹಿಂದೆ ಅಷ್ಟೇ ಅಳತೆಯ ತೆಳು ಹತ್ತಿ ಬಟ್ಟೆ ಇಟ್ಟು, ಗೆರೆಯ ಹೊರಗೆ ದೂರ ದೂರ ಕಚ್ಚಾ ಹೊಲಿಗೆ ಹಾಕಿ ಎರಡನ್ನೂ ಒಂದು ಮಾಡಿಕೊಳ್ಳಿ. ಆಮೇಲೆ ಒಂದೇ ಬಟ್ಟೆ ಎಂಬಂತೆ ಹೊಲಿಯಿರಿ. ಎಲ್ಲಕ್ಕಿಂತ ಮೊದಲು ಎದೆಯ ಜೇಬನ್ನು ಜೋಪಾನವಾಗಿ ಬಿಚ್ಚಿ ನೋಡಿ. ಅದರ ಹಿಂದಿನ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ, ಉಜ್ಜಾಟವೂ ಕಡಿಮೆ. ಅಂಗಿ ಹೊಸದಿದ್ದಾಗಿನ ಬಣ್ಣಕ್ಕೆ ಹತ್ತಿರವಾದ ಬಣ್ಣ ಅಲ್ಲಿ ಉಳಿದಿರುತ್ತದೆ. ಜೇಬಿನ ಹೊಲಿಗೆಯ ತೂತುಗಳು ಗೆರೆಯಾಚೆ ಬೀಳುವಂತೆ ರಟ್ಟು ಇಟ್ಟರೆ ಅಲ್ಲಿಂದ ಒಂದು ತುಂಡು ಖಂಡಿತ, ಜೇಬು ದೊಡ್ಡದಾಗಿದ್ದರೆ ಎರಡು ಸಿಗುತ್ತವೆ.